ಕಾಲುವೆ ದಂಡೆಯ ಮೇಲೆ ಕಂತಿನ ನಡಿಗೆ

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ರಾಯಚೂರಿನ ಕಡೆಗೆ 227 ಕಿ.ಮೀ. ಹರಿಯುತ್ತದೆ. ನಮ್ಮ ಮನೆಯಲ್ಲಿ ಅದನ್ನು ‘ನಹರ್’ ಎನ್ನುತ್ತೇವೆ. ಇಷ್ಟು ದೂರವನ್ನು ಒಂದೇ ಸಲ ನಡೆಯಲಾಗದು. ವಾಣಿಜ್ಯ ವಿದ್ಯಾರ್ಥಿಯಾದ ನಾನು ಸಾಲದ ಹಾಗೆ ಕಂತು ಮಾಡಿಕೊಂಡಿದ್ದೇನೆ: ಭಾನುವಾರಕ್ಕೆ 12 ಕಿ.ಮೀ. ಎಂದರೆ 19 ಭಾನುವಾರ.

ನಿಯಮಗಳು ಮೂರು.

1. ಕಂತಿನ ಎರಡೂ ತುದಿಯಲ್ಲಿ ಬಸ್ಸು ನಿಲ್ಲುವ ಸೇತುವೆ ಇರಲಿ.

2. ಬೆಳಿಗ್ಗೆ ಬಸ್ಸಿನಲ್ಲಿ ದೂರದ ತುದಿಗೆ ಹೋಗಿ, ಆರ್.ಎಚ್. ಕ್ಯಾಂಪಿನ ಕಡೆಗೆ ನಡೆಯಿರಿ. ಆಗ ಸಂಜೆ ಮನೆ ಹತ್ತಿರವಾಗಿರುತ್ತದೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ಖರ್ಚೂ ಇಲ್ಲ.

3. ಒಬ್ಬರೇ ಹೋಗಬೇಡಿ, ನೀರಿಗೆ ಇಳಿಯಬೇಡಿ. ಸೆಳೆತ ಜೋರು; ಜಾರಿದರೆ ಹತ್ತುವುದು ಕಷ್ಟ.

ಇದರಿಂದ ಲಾಭವೇನು? ಮೇಲ್ಭಾಗದಲ್ಲಿ ಭತ್ತ ತುಂಬಿದ ಗದ್ದೆ ನೋಡುತ್ತ ನಡೆದರೆ, ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ನೀರಿಗಾಗಿ ಏಕೆ ಧರಣಿ ಕೂರುತ್ತಾರೆಂದು ತಿಳಿಯುತ್ತದೆ. ನೀರೂ ಬಂಡವಾಳವೇ. ಮೇಲಿನವರು ಲೆಕ್ಕ ಮೀರಿ ಖರ್ಚು ಮಾಡಿದರೆ ಕೆಳಗಿನವರ ಪಾಲಿಗೆ ಉಳಿಯುವುದು ಒಣ ಕಾಲುವೆ. ಈ ಲೆಕ್ಕ ಪುಸ್ತಕಕ್ಕಿಂತ ಕಾಲಿಗೆ ಬೇಗ ಅರ್ಥವಾಗುತ್ತದೆ.