ಬೇರೂರಿದ ಗಿಡದ ಸ್ಥಳಾಂತರ

ಗಿಡಕ್ಕೂ ನೆಲಕ್ಕೂ ಇರುವ ನಂಟು ಹೊರಗಿನ ಕಣ್ಣಿಗೆ ಕಾಣದು. ದಪ್ಪ ಬೇರುಗಳು ಗಿಡವನ್ನು ಹಿಡಿದು ನಿಲ್ಲಿಸುತ್ತವೆ. ನೀರನ್ನು ಹೀರುವ ಕೆಲಸ ಬಹುಮಟ್ಟಿಗೆ ಎಳೆಬೇರುಗಳ ಸೂಕ್ಷ್ಮ ರೋಮಗಳದು. ಗಿಡವನ್ನು ಎಳೆದು ಕಿತ್ತರೆ ಅವು ಮಣ್ಣಿನಲ್ಲಿಯೇ ಹರಿದು ಉಳಿಯುತ್ತವೆ. ಎಲೆಗಳಾದರೋ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ಆದಾಯ ನಿಂತು ವೆಚ್ಚ ಮಾತ್ರ ಉಳಿದ ಮನೆಯಂತೆ ಗಿಡ ಸೊರಗುತ್ತದೆ.

ಸಹ್ಯಾದ್ರಿಯ ಮಗ್ಗುಲಿನ ಖಾನಾಪುರದ ಹಿತ್ತಿಲಲ್ಲಿ ಹಲವು ವರ್ಷ ಹೂ ಕೊಟ್ಟ ದಾಸವಾಳವನ್ನು ಬೆಳಗಾವಿಯ ಹೊಸ ಮನೆಗೆ ಒಯ್ಯಬೇಕಾಗಿದೆ ಎನ್ನೋಣ. ದಾರಿ ಸುಮಾರು 25 ಕಿಲೋಮೀಟರು. ಸಿದ್ಧತೆಗೆ ಮಾತ್ರ ಒಂದೂವರೆ ತಿಂಗಳು ಬೇಕು. ಏಪ್ರಿಲ್ ಕೊನೆಯಲ್ಲಿ ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಸುತ್ತಲೂ ಕಾಲುವೆ ತೆಗೆದು, ಅಡ್ಡಬಂದ ಬೇರುಗಳನ್ನು ಕತ್ತರಿಸಿ, ಮಣ್ಣು ಮತ್ತು ಕಳಿತ ಗೊಬ್ಬರ ತುಂಬಿ ನೀರುಣಿಸಬೇಕು. ಬುಡದ ಸಮೀಪದಲ್ಲಿಯೇ ಹೊಸ ಎಳೆಬೇರುಗಳು ಮೂಡುತ್ತವೆ. ಜೂನಿನಲ್ಲಿ ಮುಂಗಾರು ಹಿಡಿದ ಮೇಲೆ ಕೊಂಬೆಗಳ ಮೂರರಲ್ಲೊಂದು ಭಾಗವನ್ನು ಸವರಿ, ಬೇರು ಹಿಡಿದ ಮಣ್ಣಿನ ಹೆಂಟೆ ಒಡೆಯದಂತೆ ಅಗೆದು, ಗೋಣಿತಟ್ಟಿನಲ್ಲಿ ಬಿಗಿದು ಸಾಗಿಸಬೇಕು. ಹೊಸ ಗುಂಡಿಯಲ್ಲಿ ಹಿಂದಿನಷ್ಟೇ ಆಳಕ್ಕೆ ನೆಡಬೇಕು. ಬುಡದಲ್ಲಿ ಮಳೆನೀರು ನಿಲ್ಲಬಾರದು.

ಇಷ್ಟಾದರೂ ಕೆಲವು ಎಲೆಗಳು ಹಳದಿಯಾಗಿ ಉದುರಬಹುದು. ಗಿಡ ಸತ್ತಿತೆಂದು ಅನೇಕರು ಅದನ್ನು ಕಿತ್ತೆಸೆಯುವುದು ಆಗಲೇ. ತಂಪು ನಾಡುಗಳ ಜನರು ಪಿಯೋನಿ ಎಂಬ ಹೂಗಿಡವನ್ನು ಶರತ್ಕಾಲದಲ್ಲಿ ಬೇರೆಡೆ ನೆಟ್ಟು, ತುಂಬು ಹೂವಿಗಾಗಿ ಎರಡು ಮೂರು ವರ್ಷ ಕಾಯುವುದುಂಟು. ದಾಸವಾಳ ಅಷ್ಟು ಕಾಯಿಸದು. ಕಾಂಡದ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಬೇಕು. ಒಳಗೆ ಹಸಿರು ಕಂಡರೆ ಜೀವವಿದೆ. ನೆರಳು ಮಾಡಿ, ಮಣ್ಣಿನ ತೇವ ಕಾದು, ಚಿಗುರಿಗೆ ಕಾಲಾವಕಾಶ ಕೊಡಬೇಕು.