ಮಂದವಾಗಿ ಉರಿದರೂ ದೀಪ ದೀಪವೇ



ರಾತ್ರಿ ಎಂಟು ಗಂಟೆ. ಅಡುಗೆಮನೆಯ ಕೆಲಸ ಇನ್ನೂ ಮುಗಿದಿಲ್ಲ. ಮಗನ ಅಂಕಪಟ್ಟಿ ಮೇಜಿನ ಮೇಲಿದೆ; ಅದರ ವಿಷಯವಾಗಿ ಆಗಲೇ ಒಂದು ಸುತ್ತು ಜಗಳವೂ ಆಗಿದೆ. ಸಂಘದ ಸಾಲದ ಕಂತು ಕಟ್ಟಲು ಮೂರೇ ದಿನ ಉಳಿದಿದೆ. ಅಷ್ಟರಲ್ಲಿ ಅಜ್ಜಿ ಮೇಣದಬತ್ತಿ ಹಚ್ಚಿ, "ಎಲ್ಲರೂ ಜಪಸರಕ್ಕೆ ಬನ್ನಿ" ಎಂದು ಕರೆಯುತ್ತಾರೆ. ಮೊದಲನೆಯ ರಹಸ್ಯ ಮುಗಿಯುವಷ್ಟರಲ್ಲಿ ಒಬ್ಬರಿಗೆ ಆಕಳಿಕೆ, ಇನ್ನೊಬ್ಬರ ಕಣ್ಣು ಮೊಬೈಲಿನ ಮೇಲೆ. ಮನೆಯೊಡತಿಯ ಬಾಯಿ ಪ್ರಾರ್ಥನೆ ಹೇಳುತ್ತಿದ್ದರೂ ಮನಸ್ಸು ಕಂತಿನ ಲೆಕ್ಕ ಹಾಕುತ್ತಿದೆ. ಕೊನೆಗೆ ಶಿಲುಬೆಯ ಗುರುತು ಹಾಕಿಕೊಂಡು ಏಳುವಾಗ ಆಕೆಗೆ ಅನಿಸುತ್ತದೆ: "ಇದೂ ಒಂದು ಪ್ರಾರ್ಥನೆಯೇ? ನನ್ನದೂ ಒಂದು ವಿಶ್ವಾಸವೇ?"

ಈ ಪ್ರಶ್ನೆ ನಿಮ್ಮನ್ನೂ ಕಾಡಿರಬಹುದು. ಭಾನುವಾರ ಬಲಿಪೂಜೆಯಲ್ಲಿ ಭಾಗವಹಿಸಿ ಪರಮಪ್ರಸಾದ ಸ್ವೀಕರಿಸುತ್ತೇವೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಯಾರ ಮೇಲೋ ರೇಗಿರುತ್ತೇವೆ. ಪಾಪನಿವೇದನೆಗೆ ಹೋದಾಗಲೆಲ್ಲಾ ಹಳೆಯ ಪಾಪಗಳನ್ನೇ ಮತ್ತೆ ಹೇಳುತ್ತೇವೆ. ಹೀಗಾದಾಗ ಎರಡು ಅಪಾಯಗಳು ಎದುರಾಗುತ್ತವೆ. ಒಂದು, "ನಾನು ಇಷ್ಟೇ, ನನ್ನಿಂದಾಗದು" ಎಂದು ಕೈಚೆಲ್ಲುವುದು. ಇನ್ನೊಂದು, "ದೇವರು ದಯಾಮಯಿ, ಹೇಗಿದ್ದರೂ ನಡೆಯುತ್ತದೆ" ಎಂದು ಪ್ರಯತ್ನವನ್ನೇ ಬಿಡುವುದು. ಮೊದಲನೆಯದು ಹತಾಶೆ, ಎರಡನೆಯದು ಅತಿಭರವಸೆ. ಇವೆರಡೂ ಭರವಸೆ ಎಂಬ ದೈವಿಕ ಸದ್ಗುಣಕ್ಕೆ ವಿರುದ್ಧವಾದ ಪಾಪಗಳೆಂದು ಧರ್ಮಸಭೆ ಬೋಧಿಸುತ್ತದೆ. ಇವೆರಡರ ನಡುವಿನ ದಾರಿಯಲ್ಲಿ ದಿನನಿತ್ಯ ನಡೆಯುವುದು ಹೇಗೆ?

ಎರಡು ಕೆಂಡದ ಬೆಂಕಿಗಳು

ಮೊದಲು ಪೇತ್ರನನ್ನು ನೋಡೋಣ. ಕಡೆಯ ಭೋಜನದ ರಾತ್ರಿ ಪ್ರಭು ಯೇಸು ಅವನಿಗೆ ಹೇಳಿದ ಮಾತನ್ನು ಸಂತ ಲೂಕನು ಬರೆದಿಟ್ಟಿದ್ದಾನೆ (ಲೂಕ 22:31-34). ಪೇತ್ರನು ಬೀಳುವನೆಂದು ಪ್ರಭುವಿಗೆ ಗೊತ್ತಿತ್ತು. ಆದರೂ ಅವನ ವಿಶ್ವಾಸ ಕುಂದದಿರಲೆಂದು ತಾನು ಪ್ರಾರ್ಥಿಸಿರುವುದಾಗಿ ಮೊದಲೇ ಹೇಳಿದರು. ಅವನು ತಿರುಗಿ ಬಂದ ಮೇಲೆ ಸಹೋದರರನ್ನು ದೃಢಪಡಿಸಬೇಕೆಂದೂ ಹೇಳಿದರು. ಅಂದರೆ ಪೇತ್ರನು ಬೀಳುವ ಮೊದಲೇ ಅವನು ಎದ್ದು ಮಾಡಬೇಕಾದ ಕೆಲಸ ಸಿದ್ಧವಾಗಿತ್ತು!

ಯೊವಾನ್ನನ ಶುಭಸಂದೇಶದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೇತ್ರನು ಪ್ರಭುವನ್ನು ನಿರಾಕರಿಸಿದ್ದು ಪ್ರಧಾನಯಾಜಕನ ಅಂಗಳದಲ್ಲಿ, ಕೆಂಡದ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ (ಯೊವಾನ್ನ 18:18). ಪುನರುತ್ಥಾನದ ಬಳಿಕ ಸರೋವರದ ದಡದಲ್ಲಿ ಪ್ರಭು ಶಿಷ್ಯರಿಗಾಗಿ ಕಾದಿದ್ದಾಗಲೂ ಅಲ್ಲಿ ಕೆಂಡದ ಬೆಂಕಿಯಿತ್ತು (ಯೊವಾನ್ನ 21:9). ಮೂರು ಸಲ ನಿರಾಕರಿಸಿದವನಿಗೆ "ನನ್ನನ್ನು ಪ್ರೀತಿಸುತ್ತೀಯಾ?" ಎಂಬ ಪ್ರಶ್ನೆಯೂ ಮೂರು ಸಲವೇ ಬಂತು. ಪ್ರಭು ಅವನನ್ನು ಅವನ ಸೋಲಿನ ನೆನಪಿನ ಬಳಿಗೇ ಕರೆದೊಯ್ದರು, ಆದರೆ ಅವಮಾನಿಸಲು ಅಲ್ಲ. ಅಲ್ಲಿ ಅವನಿಗಾಗಿ ಬೆಳಗಿನ ಊಟ ಸಿದ್ಧವಾಗಿತ್ತು. ನಮ್ಮ ಪಾಪನಿವೇದನೆಯೂ ಹೀಗೆಯೇ. ಅದೇ ಪಾಪವನ್ನು ಮತ್ತೆ ಹೇಳಬೇಕಾಗಿ ಬಂದರೂ ಕಾದಿರುವವರು ಅದೇ ಪ್ರಭು.

ಒಂದು ಸಂತ ಕುಟುಂಬದ ಕಷ್ಟಗಳು

ಬಾಲಯೇಸುವಿನ ಸಂತ ತೆರೇಸಮ್ಮನವರ ಚಿತ್ರ ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ಆದರೆ ಅವರ ತಂದೆ ಲೂಯಿ ಮಾರ್ಟಿನ್ ಮತ್ತು ತಾಯಿ ಝೆಲಿಯವರ ಬಾಳಿನ ಕಥೆ ಅಷ್ಟು ಮಂದಿಗೆ ತಿಳಿದಿಲ್ಲ. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್‌ರವರು ಈ ದಂಪತಿಯನ್ನು ಒಟ್ಟಿಗೆ ಸಂತರೆಂದು ಘೋಷಿಸಿದರು. ಗಂಡ ಹೆಂಡತಿ ಜೊತೆಯಾಗಿ ಹೀಗೆ ಸಂತ ಪದವಿಗೇರಿದ್ದು ಅದೇ ಮೊದಲು.

ಇವರ ಬದುಕು ಸೋಲಿನಿಂದಲೇ ಆರಂಭವಾಯಿತೆನ್ನಬಹುದು. ಲೂಯಿಯವರಿಗೆ ಸನ್ಯಾಸಿ ಮಠ ಸೇರುವ ಆಸೆಯಿತ್ತು. ಲ್ಯಾಟಿನ್ ಭಾಷೆ ಬಾರದೆಂದು ಹಿಂದಕ್ಕೆ ಕಳುಹಿಸಿದರು. ಝೆಲಿಯವರು ಕನ್ಯಾಮಠ ಸೇರಲು ಬಯಸಿದರು, ಅಲ್ಲೂ ಬೇಡವೆಂದರು. ಅವರು ಗಡಿಯಾರ ದುರಸ್ತಿ ಮಾಡುವವರಾದರು, ಇವರು ಕಸೂತಿ ಲೇಸು ನೇಯುವವರಾದರು. 1858ರಲ್ಲಿ ಫ್ರಾನ್ಸಿನ ಅಲೆನ್ಸೋನ್ ಪಟ್ಟಣದಲ್ಲಿ ಅವರ ಮದುವೆಯಾಯಿತು. ಹುಟ್ಟಿದ ಮಕ್ಕಳು ಒಂಬತ್ತು. ಅವರಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಎರಡು ಗಂಡುಮಕ್ಕಳೂ ಉಳಿಯಲಿಲ್ಲ. 1870ರ ಒಂದೇ ವರ್ಷದಲ್ಲಿ ಐದು ವರ್ಷದ ಹೆಲೆನ್ ಮತ್ತು ಒಂದು ಹಸುಗೂಸು, ಇಬ್ಬರನ್ನೂ ಮಣ್ಣು ಮಾಡಬೇಕಾಯಿತು.

ಝೆಲಿಯವರು ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಅವುಗಳಲ್ಲಿ ಲೇಸಿನ ಬೇಡಿಕೆಗಳನ್ನು ಪೂರೈಸುವ ಒತ್ತಡವಿದೆ, ಆಯಾಸವಿದೆ, ಮಕ್ಕಳ ಕಾಯಿಲೆಯ ಚಿಂತೆಯಿದೆ. ಓದಿದರೆ ನಮ್ಮ ಮನೆಯ ತಾಯಿಯೊಬ್ಬಳ ಕಾಗದದಂತೆಯೇ ಕಾಣುತ್ತದೆ. ಇವೆಲ್ಲದರ ಮಧ್ಯೆ ಮುಂಜಾನೆಯ ಬಲಿಪೂಜೆಯನ್ನು ಅವರು ಬಿಡಲಿಲ್ಲ.

ಮಾತು ಕೇಳದ ಮಗಳು

ಆ ತಾಯಿಯ ದೊಡ್ಡ ಸಂಕಟವೆಂದರೆ ಮೂರನೆಯ ಮಗಳು ಲಿಯೋನಿ. 1863ರಲ್ಲಿ ಹುಟ್ಟಿದ ಈ ಹುಡುಗಿ ಚಿಕ್ಕಂದಿನಲ್ಲಿ ಕಾಯಿಲೆಯಲ್ಲಿ ನರಳಿದವಳು. ಓದಿನಲ್ಲಿ ಹಿಂದೆ, ಹಟದಲ್ಲಿ ಮುಂದೆ. ಅವಳ ದೊಡ್ಡಮ್ಮ ಕನ್ಯಾಸ್ತ್ರೀಯಾಗಿದ್ದ ಶಾಲೆಯಲ್ಲಿ ಸೇರಿಸಿದರು. ಅಲ್ಲಿಂದಲೂ ಅವಳನ್ನು ಮನೆಗೆ ಕಳುಹಿಸಿದರು. ಅಕ್ಕಂದಿರು ಜಾಣೆಯರು, ತಂಗಿಯರು ಮುದ್ದಿನವರು, ನಡುವೆ ಇವಳೊಬ್ಬಳು. ತಾಯಿ ಗದರಿದರು, ಮುದ್ದಿಸಿದರು, ಪ್ರಾರ್ಥಿಸಿದರು. ಯಾವುದೂ ಫಲ ಕೊಡಲಿಲ್ಲ.

1877ರಲ್ಲಿ ಒಂದು ಸಂಗತಿ ಬೆಳಕಿಗೆ ಬಂತು. ಮನೆಗೆಲಸದವಳು ಬಹುಕಾಲದಿಂದ ಲಿಯೋನಿಯನ್ನು ಗುಟ್ಟಾಗಿ ಹೆದರಿಸಿ, ತನ್ನ ಮಾತನ್ನೇ ಕೇಳುವಂತೆ ಮಾಡಿಕೊಂಡಿದ್ದಳು. ಭಯದಿಂದ ಆ ಹುಡುಗಿ ತಾಯಿಯ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಇದನ್ನು ಕಂಡುಹಿಡಿದದ್ದು ಹಿರಿಯ ಮಗಳು ಮರಿ.

ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲಿ. ದಿನವೂ ಬಲಿಪೂಜೆಗೆ ಹೋಗುತ್ತಿದ್ದ, ಇಂದು ಸಂತಳೆಂದು ನಾವು ಗೌರವಿಸುವ ತಾಯಿಗೆ ತನ್ನದೇ ಸೂರಿನಡಿ ತನ್ನದೇ ಮಗು ಪಡುತ್ತಿದ್ದ ಪಾಡು ತಿಳಿದಿರಲಿಲ್ಲ. ಎಂಥ ನೋವು! ಆಗ ಝೆಲಿಯವರಿಗೆ ಎದೆಯ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆಯ ಕಾಲ ಮೀರಿದೆಯೆಂದು ವೈದ್ಯರು 1876ರ ಕೊನೆಯಲ್ಲೇ ಹೇಳಿದ್ದರು. "ಇಷ್ಟು ವರ್ಷ ಕುರುಡಿಯಂತೆ ಇದ್ದೆ, ಇನ್ನೇನು ಮಾಡಲು ಸಾಧ್ಯ?" ಎಂದು ಕುಸಿದು ಕೂರಬಹುದಿತ್ತು. ಅವರು ಕೂರಲಿಲ್ಲ. ಉಳಿದ ಕೆಲವೇ ತಿಂಗಳುಗಳಲ್ಲಿ ಮಗಳನ್ನು ಹತ್ತಿರ ಕೂರಿಸಿಕೊಂಡರು, ಅವಳೊಡನೆ ಮಾತನಾಡಿದರು, ಅವಳ ಮನಸ್ಸನ್ನು ಗೆದ್ದರು. ಹುಡುಗಿ ತಾಯಿಯನ್ನು ಬಿಟ್ಟಿರದಂತಾದಳು.

ಆ ಜೂನ್ ತಿಂಗಳಲ್ಲಿ ಝೆಲಿಯವರು ಮೂವರು ಹಿರಿಯ ಹೆಣ್ಣುಮಕ್ಕಳೊಡನೆ ಲೂರ್ದಿಗೆ ಯಾತ್ರೆ ಹೋದರು. ಲಿಯೋನಿಗಾಗಿ ಇನ್ನಷ್ಟು ದಿನ ಬದುಕಬೇಕೆಂಬ ಆಸೆ ಅವರಿಗಿತ್ತು. ಅಲ್ಲಿನ ನೀರಿನಲ್ಲಿ ಮತ್ತೆ ಮತ್ತೆ ಮುಳುಗಿದರು. ಗುಣವಾಗಲಿಲ್ಲ. 1877ರ ಆಗಸ್ಟ್ 28ರಂದು, 45ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಿರಿಯ ಮಗಳು ತೆರೇಸಾಗೆ ಆಗ ನಾಲ್ಕೂವರೆ ವರ್ಷ.

ಲೂಯಿಯವರ ಕಷ್ಟವೂ ಅಲ್ಲಿಗೆ ಮುಗಿಯಲಿಲ್ಲ. ಮುಪ್ಪಿನಲ್ಲಿ ಪಾರ್ಶ್ವವಾಯು ಬಡಿದು ಬುದ್ಧಿಯ ಸ್ಥಿಮಿತ ತಪ್ಪಿತು. 1889ರಿಂದ 1892ರವರೆಗೆ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಇರಬೇಕಾಯಿತು. ಊರವರ ಮಾತುಗಳನ್ನು ಮಕ್ಕಳು ಸಹಿಸಬೇಕಾಯಿತು. ಮನೆಯಲ್ಲಿ ಇಂಥ ಕಾಯಿಲೆ ಇರುವವರಿಗೆ ಆ ನೋವು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಲಿಯೋನಿಯ ಗತಿ ಏನಾಯಿತು? ಅವಳು ಮಠ ಸೇರಲು ಯತ್ನಿಸಿ ಮೂರು ಸಲ ಮನೆಗೆ ಹಿಂದಿರುಗಿದಳು. ನಾಲ್ಕನೆಯ ಸಲ, 1899ರಲ್ಲಿ, ಕಾನ್ ಪಟ್ಟಣದ ವಿಸಿಟೇಶನ್ ಮಠ ಸೇರಿದಳು. ಈ ಸಲ ಅಲ್ಲೇ ನೆಲೆನಿಂತು 1941ರಲ್ಲಿ ಕಣ್ಣುಮುಚ್ಚುವವರೆಗೂ ಉಳಿದಳು. ತಾಯಿ ಸತ್ತು 22 ವರ್ಷಗಳಾದ ಮೇಲೆ ಅವರ ಪ್ರಾರ್ಥನೆಗೆ ಉತ್ತರ ಬಂತು. 2015ರಲ್ಲಿ ಲಿಯೋನಿಯನ್ನೂ ಸಂತರ ಸಾಲಿಗೆ ಸೇರಿಸುವ ವಿಚಾರಣೆ ಆರಂಭವಾಯಿತು. ಮನೆಯಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವಳು ಇಂದು ದೇವರ ಸೇವಕಿ ಎನಿಸಿಕೊಂಡಿದ್ದಾಳೆ!

ಭರವಸೆ ಎಂದರೆ ಏನು?

ಈ ಕುಟುಂಬದಿಂದ ನಾವು ಕಲಿಯಬೇಕಾದ ಪಾಠವೇನು? "ಪ್ರಾರ್ಥಿಸಿದರೆ ಎಲ್ಲವೂ ಸರಿಹೋಗುತ್ತದೆ" ಎಂಬುದಲ್ಲ. ಲೂರ್ದಿನಲ್ಲಿ ಝೆಲಿಯವರು ಕೇಳಿದ್ದು ಸಿಗಲಿಲ್ಲ. ನಾವು ಬಯಸಿದ್ದು ಬಯಸಿದ ದಿನಕ್ಕೆ ಆಗಲಿ ಎಂದು ಕಾಯುವುದು ನಿರೀಕ್ಷೆ. ಕೊಟ್ಟ ಮಾತಿಗೆ ದೇವರು ತಪ್ಪುವವರಲ್ಲ, ನನ್ನನ್ನೂ ನನ್ನವರನ್ನೂ ಅವರು ಕೈಬಿಡುವುದಿಲ್ಲ ಎಂದು ನಂಬಿ ಇವತ್ತಿನ ಕರ್ತವ್ಯ ಮಾಡುವುದು ಭರವಸೆ. ನಿರೀಕ್ಷೆ ಹುಸಿಯಾಗಬಹುದು; ಭರವಸೆ ನಮ್ಮನ್ನು ನಾಚಿಕೆಗೆ ಗುರಿಮಾಡದೆಂದು ಸಂತ ಪೌಲರು ರೋಮನರಿಗೆ ಬರೆದರು (5:5). 2025ರ ಜೂಬಿಲಿ ವರ್ಷದಲ್ಲಿ ಧರ್ಮಸಭೆ ನಮ್ಮನ್ನು 'ಭರವಸೆಯ ಯಾತ್ರಿಕರು' ಎಂದು ಕರೆದದ್ದೂ ಇದಕ್ಕಾಗಿಯೇ. ಯಾತ್ರಿಕ ಇನ್ನೂ ತಲುಪಿಲ್ಲ, ಆದರೆ ಹೊರಟವನು ನಿಂತಿಲ್ಲ.

ಇನ್ನು, ಜಪಸರದಲ್ಲಿ ಮನಸ್ಸು ಅಲೆಯುತ್ತದೆ ಎಂದು ಕೊರಗುವವರಿಗೊಂದು ಮಾತು. ಧರ್ಮಸಭೆಯ ಪಂಡಿತೆ ಎನಿಸಿಕೊಂಡ ತೆರೇಸಮ್ಮನವರೇ ತಾವು ಪ್ರಾರ್ಥನೆಯ ವೇಳೆ ತೂಕಡಿಸುತ್ತಿದ್ದುದನ್ನೂ, ಜಪಸರ ಹೇಳುವುದು ತಮಗೆ ಕಷ್ಟವಾಗುತ್ತಿದ್ದುದನ್ನೂ ಒಪ್ಪಿಕೊಂಡಿದ್ದಾರೆ. ಬಾಳಿನ ಕೊನೆಯ ಒಂದೂವರೆ ವರ್ಷ, 1896ರ ಪಾಸ್ಖ ಹಬ್ಬದಿಂದ 1897ರ ಸೆಪ್ಟೆಂಬರ್‌ವರೆಗೆ, ಸ್ವರ್ಗವಿದೆಯೇ ಎಂಬ ಕತ್ತಲೆ ಅವರನ್ನು ಆವರಿಸಿತ್ತು. ಆದರೂ ಪ್ರಾರ್ಥನೆಗೆ ಬರುವುದನ್ನು ಅವರು ನಿಲ್ಲಿಸಲಿಲ್ಲ. ವಿಶ್ವಾಸವೆಂದರೆ ಹೃದಯದಲ್ಲಿ ಸದಾ ಉಕ್ಕುವ ಸಂತೋಷವಲ್ಲ. ಏನೂ ಉಕ್ಕದ ದಿನವೂ ದೇವರ ಮುಂದೆ ಬಂದು ಕೂರುವುದು.

ಮನೆಯಲ್ಲಿ ಮಾಡಬಹುದಾದದ್ದು

1. ಚಿಕ್ಕ ಪ್ರಾರ್ಥನೆಯಾದರೂ ತಪ್ಪದಿರಲಿ. ಇಡೀ ಜಪಸರ ಆಗದ ದಿನ ಒಂದೇ ರಹಸ್ಯ ಹೇಳಿ. ಅದೂ ಆಗದಿದ್ದರೆ ಎಲ್ಲರೂ ನಿಂತು ಒಂದು ಪರಲೋಕ ಪ್ರಾರ್ಥನೆ ಹೇಳಿ. ಆದರೆ ದೀಪ ಹಚ್ಚದೆ ಮಲಗಬೇಡಿ.

2. ಪಾಪನಿವೇದನೆಯನ್ನು ಮುಂದೂಡಬೇಡಿ. ವರ್ಷಕ್ಕೊಮ್ಮೆಯಾದರೂ ಎಂಬುದು ಧರ್ಮಸಭೆಯ ಕಟ್ಟಳೆ. ಅದು ಕನಿಷ್ಠ ಮಿತಿ ಅಷ್ಟೇ. ದಿನವೂ ಮೈ ತೊಳೆಯುವವರು "ನಾಳೆ ಮತ್ತೆ ಕೊಳೆಯಾಗುತ್ತದೆ" ಎಂದು ಸ್ನಾನ ಬಿಡುವುದಿಲ್ಲವಲ್ಲ!

3. ತಪ್ಪಾದಾಗ ಕ್ಷಮೆ ಕೇಳಿ, ಮಕ್ಕಳ ಬಳಿಯೂ. "ಅಪ್ಪ ಸುಮ್ಮನೆ ರೇಗಿದೆ ಮಗಾ, ಬೇಜಾರು ಮಾಡಿಕೊಳ್ಳಬೇಡ" ಎಂಬ ಒಂದು ಮಾತು ಹತ್ತು ಉಪದೇಶಗಳಿಗೆ ಸಮ. ದೇವರ ಕ್ಷಮೆ ಹೇಗಿರುತ್ತದೆಂದು ಮಗು ಮೊದಲು ಕಲಿಯುವುದು ಮನೆಯಲ್ಲೇ.

4. ನಿಮ್ಮ ಮನೆಯ 'ಲಿಯೋನಿ'ಯನ್ನು ಹತ್ತಿರ ಕರೆಯಿರಿ. ಮಾತು ಕೇಳದ ಮಗು, ಕುಡಿತಕ್ಕೆ ಬಿದ್ದ ತಮ್ಮ, ಚರ್ಚಿಗೆ ಬರುವುದನ್ನೇ ಬಿಟ್ಟ ಮಗಳು, ಯಾರೇ ಇರಲಿ. ಬುದ್ಧಿ ಹೇಳುವ ಮೊದಲು ಕೇಳಿಸಿಕೊಳ್ಳಿ. ಹಟದ ಹಿಂದೆ ಭಯವಿರಬಹುದು. ಮೌನದ ಹಿಂದೆ ಯಾರೋ ಕೊಡುತ್ತಿರುವ ಹಿಂಸೆ ಇರಬಹುದು. ಅಂಥದ್ದು ತಿಳಿದರೆ ಮನೆಯ ಮರ್ಯಾದೆಯೆಂದು ಮುಚ್ಚಿಡಬೇಡಿ. ಮಗುವಿನ ರಕ್ಷಣೆಗೆ ಮೊದಲು ನಿಲ್ಲಿ.

5. ಕಷ್ಟವನ್ನು ಒಬ್ಬರೇ ಹೊರಬೇಡಿ. ಝೆಲಿಯವರು ಅಕ್ಕನಿಗೆ, ತಮ್ಮನಿಗೆ, ಮಕ್ಕಳಿಗೆ ಕಾಗದ ಬರೆದು ಮನಸ್ಸು ಹಗುರ ಮಾಡಿಕೊಂಡರು. ನಿಮಗೂ ಒಬ್ಬ ಗೆಳತಿ, ಧರ್ಮಕೇಂದ್ರದ ಗುರುಗಳು, ನೆರೆಮನೆಯವರು ಇದ್ದಾರೆ. ಮನಸ್ಸಿನ ಕಾಯಿಲೆಗೆ ಪ್ರಾರ್ಥನೆಯೂ ಬೇಕು, ವೈದ್ಯರೂ ಬೇಕು. ವೈದ್ಯರ ಬಳಿ ಹೋಗುವುದು ಅವಿಶ್ವಾಸವಲ್ಲ.

ಪ್ರಿಯರೇ, ನಾವು ಆರಂಭದಲ್ಲಿ ಕಂಡ ಆ ಮನೆಯೊಡತಿಗೆ ಏನು ಹೇಳೋಣ? ತಾಯಿ, ಕಂತಿನ ಲೆಕ್ಕ ಹಾಕುತ್ತಲೇ ನೀವು ಮೊಣಕಾಲೂರಿದಿರಲ್ಲ, ಆ ಲೆಕ್ಕವನ್ನೇ ಪ್ರಭುವಿನ ಮುಂದೆ ಇಡಿ. ಮಗನ ಅಂಕಪಟ್ಟಿಯನ್ನೂ ಇಡಿ. ಬೇರೆ ಯಾವ ಕಾಣಿಕೆಯನ್ನೂ ಅವರು ಇವತ್ತು ನಿಮ್ಮಿಂದ ಕೇಳುತ್ತಿಲ್ಲ. ನಿಮ್ಮ ದೀಪ ಮಂದವಾಗಿರಬಹುದು, ಆದರೆ ಆರಿಲ್ಲ.

ಕುಟುಂಬದಲ್ಲಿ ಚರ್ಚೆಗೆ

ನಮ್ಮ ಮನೆಯಲ್ಲಿ ಯಾರ ಮಾತನ್ನು ನಾವು ಬಹಳ ದಿನಗಳಿಂದ ಕೇಳಿಸಿಕೊಂಡಿಲ್ಲ? ಈ ವಾರ ಯಾರ ಬಳಿ ಕ್ಷಮೆ ಕೇಳಬೇಕಾಗಿದೆ? ದೇವರಿಂದ ಉತ್ತರ ಬಾರದಿದ್ದರೂ ಬಿಡದೆ ಮುಂದುವರಿಸಬೇಕಾದ ಪ್ರಾರ್ಥನೆ ಯಾವುದು?

ಪ್ರಾರ್ಥನೆ

ಪ್ರಭು ಯೇಸುವೇ, ಬಿದ್ದ ಪೇತ್ರನಿಗಾಗಿ ದಡದಲ್ಲಿ ಕಾದಿದ್ದವರು ನೀವು. ನಮ್ಮ ಮನೆಯ ಬಾಗಿಲಲ್ಲೂ ಕಾದಿರಿ. ನಮ್ಮ ಆಯಾಸ, ಸಾಲ, ಸಿಟ್ಟು, ಸೋಲು ಎಲ್ಲವೂ ನಿಮಗೆ ತಿಳಿದಿವೆ. ನಾವು ನೋಡದೆ ಹೋದ ಕಣ್ಣೀರನ್ನು ನಮಗೆ ತೋರಿಸಿರಿ. ನಾವು ಕೈಬಿಟ್ಟವರನ್ನು ನೀವು ಕೈಬಿಡಬೇಡಿರಿ. ನಾಳೆ ಮತ್ತೆ ಎದ್ದು ನಿಮ್ಮ ಕಡೆ ತಿರುಗುವ ಬಲವನ್ನು ಇಂದು ಕೊಡಿರಿ. ಆಮೆನ್.