ರಸಾಯನಶಾಸ್ತ್ರದ ಸೆಮಿನಾರಿಗೆ ಹೋಗುವುದು ಹೇಗೆ?

ಸಂಶೋಧನಾ ಸೆಮಿನಾರ್ ಎಂದರೆ ಪಿಎಚ್.ಡಿ. ಮಾಡುವವರಿಗೆ ಮಾತ್ರ ಎಂದುಕೊಂಡು ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳೂ ಕಾಲೇಜು ಮೇಷ್ಟರುಗಳೂ ದೂರ ಉಳಿಯುತ್ತಾರೆ. ಬೆಂಗಳೂರಿನಲ್ಲಿದ್ದೂ ಹೀಗೆ ಹಿಂಜರಿದರೆ ಕಳೆದುಕೊಳ್ಳುವುದು ಬಹಳ.

ಮೊದಲು ಕಾರ್ಯಕ್ರಮಗಳ ಪತ್ತೆ ಹಚ್ಚಬೇಕು. ನಮ್ಮವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾವಯವ ರಸಾಯನಶಾಸ್ತ್ರ, ಅಜೈವಿಕ ಮತ್ತು ಭೌತ ರಸಾಯನಶಾಸ್ತ್ರ, ಘನಸ್ಥಿತಿ ರಸಾಯನಶಾಸ್ತ್ರಗಳಿಗೆ ಬೇರೆ ಬೇರೆ ವಿಭಾಗಗಳಿವೆ. ಒಂದರ ಪ್ರಕಟಣೆ ನೋಡಿ ಸುಮ್ಮನಾಗಬೇಡಿ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಪ್ರಕಟಣೆಗಳನ್ನೂ ವಾರಕ್ಕೊಮ್ಮೆ ಗಮನಿಸಿ. ಹೊರಗಿನವರಿಗೆ ಪ್ರವೇಶವಿದೆಯೇ ಎಂದು ವಿಭಾಗದ ಕಚೇರಿಗೆ ಫೋನ್ ಮಾಡಿ ಕೇಳಿ. ಹೋಗುವಾಗ ಗುರುತಿನ ಚೀಟಿ ಜೊತೆಗಿರಲಿ.

ಇಷ್ಟೂ ಭಯ ಎನಿಸಿದರೆ ಬಸವನಗುಡಿ ನ್ಯಾಷನಲ್ ಕಾಲೇಜಿನಿಂದ ಆರಂಭಿಸಿ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳು ಜನಸಾಮಾನ್ಯರಿಗೆಂದೇ ಇರುವಂಥವು.

ಯಾವ ಸೆಮಿನಾರ್ ಆರಿಸಬೇಕು? ದೊಡ್ಡ ಹೆಸರಿನ ಅತಿಥಿಯ ಉಪನ್ಯಾಸಕ್ಕಿಂತ ಮೊದಲು ಪಿಎಚ್.ಡಿ. ವಿದ್ಯಾರ್ಥಿಯ ಪ್ರಬಂಧ ಮಂಡನೆಗೆ ಹೋಗಿ ಎನ್ನುತ್ತೇನೆ. ವರ್ಷಗಟ್ಟಲೆ ಮಾಡಿದ ಕೆಲಸವನ್ನು ಬುಡದಿಂದ ವಿವರಿಸಬೇಕಾದ ಹೊಣೆ ಅವರ ಮೇಲಿರುತ್ತದೆ. ಹಾಗಾಗಿ ಹೊಸಬರಿಗೂ ಹಿಡಿತ ಸಿಗುತ್ತದೆ.

ಹಿಂದಿನ ದಿನ ಅರ್ಧ ಗಂಟೆ ತಯಾರಿ ಮಾಡಿ. ಪ್ರಕಟಣೆಯ ಜೊತೆಗಿರುವ ಸಾರಾಂಶ ಓದಿ, ಗೊತ್ತಿಲ್ಲದ ನಾಲ್ಕು ಪದಗಳಿಗೆ ಗೆರೆ ಎಳೆಯಿರಿ. ಅದರಲ್ಲಿ ‘ಮಾಫ್’ ಎಂದಿದೆ ಎನ್ನಿ. ಅದು ಲೋಹ-ಸಾವಯವ ಚೌಕಟ್ಟು: ಲೋಹದ ಅಯಾನುಗಳನ್ನು ಸಾವಯವ ಅಣುಗಳು ಬೆಸೆದು, ಒಳಗೆಲ್ಲ ರಂಧ್ರಗಳಿರುವ ಹರಳು. ಇಂಥ ಒಂದು ಗ್ರಾಂ ಪುಡಿಯ ಒಳಮೈ ಸಾವಿರಾರು ಚದರ ಮೀಟರ್ ಇರಬಲ್ಲದು. ಅನಿಲಗಳನ್ನು ಹಿಡಿದಿಡಲು ಅದು ಒದಗುವುದೂ ಅದಕ್ಕೇ. 2025ರ ರಸಾಯನಶಾಸ್ತ್ರ ನೊಬೆಲ್ ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ ಬಂದದ್ದು ಈ ಕೆಲಸಕ್ಕೆ. ಇಷ್ಟು ತಿಳಿದು ಕುಳಿತರೆ ಮೊದಲ ಹತ್ತು ನಿಮಿಷದಲ್ಲೇ ದಾರಿ ತಪ್ಪುವುದಿಲ್ಲ.

ಉಪನ್ಯಾಸದಲ್ಲಿ ಸ್ಲೈಡುಗಳನ್ನೆಲ್ಲ ಬರೆದುಕೊಳ್ಳಲು ಹೊರಡಬೇಡಿ. ಇವರ ಪ್ರಶ್ನೆ ಏನು, ಏನನ್ನು ಅಳೆದರು, ಏನು ಸಿಕ್ಕಿತು ಎಂಬ ಮೂರನ್ನು ಹಿಡಿದರೆ ಸಾಕು. ನಡುವೆ ಎಳೆ ತಪ್ಪಿದರೆ ಮುಂದಿನ ಗ್ರಾಫಿನ ಎರಡು ಅಕ್ಷಗಳನ್ನು ಓದಿ. ಬಹುಪಾಲು ಅಲ್ಲೇ ಮತ್ತೆ ಎಳೆ ಸಿಗುತ್ತದೆ.

ಕೊನೆಗೆ ಪ್ರಶ್ನೆ ಕೇಳಿ. “ವೇಗವರ್ಧಕ ಹಾಕದೆ ಇದೇ ಪ್ರಯೋಗ ಮಾಡಿದಿರಾ?” “ಈ ಪೀಕ್ ಇದೇ ವಸ್ತುವಿನದು ಎಂದು ಹೇಗೆ ಖಚಿತವಾಯಿತು?” ಪದವಿ ತರಗತಿಯ ಪ್ರಯೋಗಾಲಯದಲ್ಲೇ ಹುಟ್ಟುವ ಇಂಥ ಪ್ರಶ್ನೆಗಳಿಗೆ ನುರಿತ ಸಂಶೋಧಕರೂ ಉತ್ತರ ಕೊಡಲೇಬೇಕು. ಎಲ್ಲರೆದುರು ಬಾಯಿ ಬಾರದಿದ್ದರೆ ಮುಗಿದ ಮೇಲೆ ಹೋಗಿ ಮಾತಾಡಿಸಿ. ಕನ್ನಡ ಬಲ್ಲವರಾದರೆ ಕನ್ನಡದಲ್ಲೇ ಕೇಳಿ.

ಬೆಂಗಳೂರಿನಿಂದ ದೂರವಿರುವ ಕಾಲೇಜಿನವರು ಆನ್‌ಲೈನ್ ಕೊಂಡಿ ಇದೆಯೇ ವಿಚಾರಿಸಿ. ಇದ್ದರೆ ತರಗತಿಯ ಪರದೆಯ ಮೇಲೆ ಹಾಕಿ ಎಲ್ಲರೂ ಒಟ್ಟಿಗೆ ಕೇಳಿ, ಮೇಷ್ಟರು ಆಮೇಲೆ ಅರ್ಧ ಗಂಟೆ ಚರ್ಚೆಗೆ ಬಿಡಲಿ.